ಆರೋಗ್ಯವ್ಯವಸ್ಥೆಯ ಸುಧಾರಣೆ: ಪದಾರ್ಥವೂ ಪ್ರಯೋಜನವೂ

ಹೊಸ ಆಸ್ಪತ್ರೆಯ ಕಟ್ಟಡ, ವಿಮೆಯ ಯೋಜನೆ, ಔಷಧಗಳ ಬೆಲೆಯ ನಿಯಂತ್ರಣ—ಇವೆಲ್ಲಕ್ಕೂ 'ಆರೋಗ್ಯವ್ಯವಸ್ಥೆಯ ಸುಧಾರಣೆ' ಎಂಬ ಒಂದೇ ಹೆಸರು ಸಲ್ಲುತ್ತಿದೆ. ಆದುದರಿಂದ ಆ ಮಾತಿನ ಅರ್ಥವನ್ನು ನಿಷ್ಕರ್ಷಿಸುವುದು ಅವಶ್ಯಕ. ಅರ್ಥವು ನಿಶ್ಚಯವಾಗದೆ ಪ್ರಯೋಜನವು ನಿಶ್ಚಯವಾಗದು. ಪ್ರಯೋಜನವನ್ನು ಅರಿಯದೆ ಕಾರ್ಯದ ಗುಣದೋಷಗಳನ್ನು ಅಳೆಯಲಾಗದು.

ರೋಗವಿಲ್ಲದವನು ಅರೋಗ, ಅವನ ಭಾವವೇ ಆರೋಗ್ಯ. ಈ ಶಬ್ದವು ನಿಷೇಧಮುಖವಾದುದು. 'ಸ್ವಸ್ಥ' ಎಂಬುದಾದರೋ ವಿಧಿಮುಖವಾದುದು: ತನ್ನಲ್ಲಿ ತಾನು ನೆಲೆಗೊಂಡವನು ಎಂದರ್ಥ. 'ಚಿಕಿತ್ಸೆ'ಯು 'ಕಿತ್' ಧಾತುವಿಗೆ ಸನ್ ಪ್ರತ್ಯಯವು ಸೇರಿ ಆದ ಶಬ್ದ. ವ್ಯಾಧಿಯ ಪ್ರತೀಕಾರವೇ ಇಲ್ಲಿ ಅದರ ಅರ್ಥ. ಹೀಗಿರುವಲ್ಲಿ ಚಿಕಿತ್ಸೆಯು ಆರೋಗ್ಯಕ್ಕೆ ಒಂದು ಸಾಧನವಲ್ಲದೆ ಆರೋಗ್ಯವೇ ಅಲ್ಲ. ಚಿಕಿತ್ಸಾಲಯಗಳನ್ನು ಹೆಚ್ಚಿಸುವುದೊಂದನ್ನೇ ಸುಧಾರಣೆಯೆಂದು ಬಗೆದರೆ ಸಾಧನವನ್ನೇ ಸಾಧ್ಯವೆಂದು ಭ್ರಮಿಸಿದಂತಾಗುವುದು.

ಚರಕಸಂಹಿತೆಯ ಸೂತ್ರಸ್ಥಾನದ 30ನೆಯ ಅಧ್ಯಾಯದಲ್ಲಿ ಆಯುರ್ವೇದಕ್ಕೆ ಎರಡು ಪ್ರಯೋಜನಗಳು ಹೇಳಲ್ಪಟ್ಟಿವೆ: ಸ್ವಸ್ಥನ ಸ್ವಾಸ್ಥ್ಯವನ್ನು ಕಾಪಾಡುವುದು ಮೊದಲನೆಯದು, ರೋಗಿಯ ವಿಕಾರವನ್ನು ಶಮನಗೊಳಿಸುವುದು ಎರಡನೆಯದು. ವಿಮಾನಸ್ಥಾನದ 3ನೆಯ ಅಧ್ಯಾಯವು ಗಾಳಿ, ನೀರು, ದೇಶ, ಕಾಲ ಈ ನಾಲ್ಕೂ ಕೆಟ್ಟಾಗ ಜನಪದಕ್ಕೆ ಜನಪದವೇ ನಾಶವಾಗುವ ಬಗೆಯನ್ನು ವಿವರಿಸುತ್ತದೆ. ಕೆಟ್ಟ ನೀರಿನ ಊರಿನಲ್ಲಿ ಒಬ್ಬೊಬ್ಬನ ಪಥ್ಯವು ಎಷ್ಟರ ಮಟ್ಟಿಗೆ ರಕ್ಷಿಸೀತು? ಸಮುದಾಯಕ್ಕೆ ಬಂದ ವಿಪತ್ತನ್ನು ಸಮುದಾಯವೇ ನೀಗತಕ್ಕುದು.

ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳುಂಟು. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳು. ರೋಗಿಯ ಗುಣಗಳಲ್ಲಿ ಚರಕನು ಸ್ಮೃತಿ, ವಿಧೇಯತೆ, ನಿರ್ಭಯತೆ, ತನ್ನ ಬಾಧೆಯನ್ನು ತಿಳಿಸಬಲ್ಲ ಶಕ್ತಿ ಇವನ್ನು ಎಣಿಸಿದ್ದಾನೆ. ವಾಗ್ಭಟನ ಅಷ್ಟಾಂಗಹೃದಯದಲ್ಲಾದರೋ ರೋಗಿಯ ಮೊದಲನೆಯ ಗುಣವು 'ಆಢ್ಯ', ಎಂದರೆ ಧನವಂತ, ಎಂಬುದು. ಇದು ಲೋಕದಲ್ಲಿ ಕಂಡುದರ ಅನುವಾದವೇ ಹೊರತು ನಿಷ್ಠುರತೆಯಲ್ಲ: ಹಣವಿದ್ದವನಿಗೆ ವೈದ್ಯನೂ ಔಷಧವೂ ಬೇಗ ಒದಗುವುವು. ಆದರೆ ದಾರುಣವಾದ ರೋಗಗಳು ದರಿದ್ರನನ್ನು ಬಿಡುವುದಿಲ್ಲವೆಂಬುದನ್ನು ಚರಕನೇ ಸೂತ್ರಸ್ಥಾನದ 15ನೆಯ ಅಧ್ಯಾಯದಲ್ಲಿ ನೆನಪಿಸಿದ್ದಾನೆ. ಆಢ್ಯತೆಯು ರೋಗಿಯ ಗುಣವಾಗಿಯೇ ಉಳಿಯಬೇಕೇ, ಅಥವಾ ಅದರ ಭಾರವನ್ನು ಸಮಾಜವು ಹೊರಬೇಕೇ ಎಂಬುದೇ ಆಧುನಿಕವಾದ ಸುಧಾರಣೆಯ ಮೂಲಪ್ರಶ್ನೆ.

ಭಾರತದಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಟ್ಟುದು ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಕವಾದ ಸಮಿತಿ. ಹಣ ಕೊಡಲಾರದ ಕಾರಣದಿಂದ ಯಾರೊಬ್ಬರೂ ತಕ್ಕ ಚಿಕಿತ್ಸೆಯಿಂದ ವಂಚಿತರಾಗಬಾರದೆಂಬುದು 1946ರ ಅದರ ವರದಿಯ ಪ್ರಧಾನತತ್ತ್ವ. ರೋಗನಿವಾರಣೆ ಹಾಗೂ ಚಿಕಿತ್ಸೆಗಳು ಒಂದೇ ಆಡಳಿತದಲ್ಲಿ ಕೂಡಬೇಕು, ಮೊದಲ ಹಂತದಲ್ಲಿ 40,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯಕೇಂದ್ರವಿರಬೇಕು ಎಂಬುವು ಅದರ ಸಲಹೆಗಳಲ್ಲಿ ಮುಖ್ಯವಾದುವು. ಚರಕನು ಹೇಳಿದ ಎರಡು ಪ್ರಯೋಜನಗಳೂ ಇಲ್ಲಿ ಒಂದೇ ಸೂರಿನ ಕೆಳಗೆ ಬಂದುವು.

1952ರಲ್ಲಿ ಸಮುದಾಯಾಭಿವೃದ್ಧಿ ಕಾರ್ಯಕ್ರಮದೊಡನೆ ಕೇಂದ್ರಗಳು ಆರಂಭವಾದುವು. 1959ರಲ್ಲಿ ನೇಮಕವಾದ ಮುದಲಿಯಾರ್ ಸಮಿತಿಯು ಅವುಗಳ ಸೇವೆ ಸಾಲದೆಂದು ಕಂಡು, ಹೊಸವನ್ನು ತೆರೆಯುವ ಮುನ್ನ ಇದ್ದುವನ್ನು ಬಲಪಡಿಸಬೇಕೆಂದು ಹೇಳಿತು. ಹೆಸರು ಇದ್ದು ಪಾದಗಳು ಇಲ್ಲದಿದ್ದರೆ ಕಟ್ಟಡವು ಚಿಕಿತ್ಸಾಲಯವಾಗದು. 1978ರ ಆಲ್ಮಾ-ಆಟಾ ಘೋಷಣೆಯು ಶುದ್ಧವಾದ ನೀರನ್ನೂ ಪೋಷಣೆಯನ್ನೂ ಪ್ರಾಥಮಿಕ ಆರೋಗ್ಯಸೇವೆಯಲ್ಲಿಯೇ ಸೇರಿಸಿತು. 2018ರ ಆಯುಷ್ಮಾನ್ ಭಾರತ ಯೋಜನೆಯ ವಿಮಾಭಾಗವು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ವೆಚ್ಚವನ್ನು ವಹಿಸಿತು. ಆಢ್ಯತೆಯ ಭಾರವು ಇದರಿಂದ ಇಳಿಯಿತು, ದಿಟ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿದವನಿಗೆ. ಮನೆಯಲ್ಲಿಯೇ ಇದ್ದು ದಿನವೂ ಔಷಧವನ್ನು ಕೊಳ್ಳತಕ್ಕವನ ಭಾರವು ಬೇರೆ.

ಎಲ್ಲರಿಗೂ ಚಿಕಿತ್ಸೆ ಕೊಟ್ಟರೆ ಬೊಕ್ಕಸವು ಬರಿದಾಗದೇ ಎಂಬುದು ಪೂರ್ವಪಕ್ಷ. ರೋಗದ ವೆಚ್ಚವನ್ನು ಬೊಕ್ಕಸವು ಕೊಡದಿದ್ದರೆ ಆ ವೆಚ್ಚವು ಇಲ್ಲವಾಗುವುದಿಲ್ಲ. ದುಡಿಯಲಾಗದ ದಿನಗಳಲ್ಲಿ ರೋಗಿಯ ಮನೆಯ ಮೇಲೆಯೇ ಬೀಳುವುದು. ತೆರಿಗೆಯಿಂದ ಹಂಚಿಕೊಂಡರೆ ಅದು ಆರೋಗ್ಯವಂತರ ಮೇಲೆ ಕೊಂಚಕೊಂಚವಾಗಿ ಹರಡುವುದು. ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯಸೇವೆಯು ಮುಖ್ಯವಾಗಿ ಈ ಮಾರ್ಗವನ್ನೇ ಹಿಡಿಯಿತು. ಆದುದರಿಂದ ಪ್ರಶ್ನೆಯು ವೆಚ್ಚದ ಇರವನ್ನು ಕುರಿತುದಲ್ಲ, ಅದನ್ನು ಹೊರತಕ್ಕವರನ್ನು ಕುರಿತುದು.

ಇಷ್ಟರಿಂದ ಫಲಿತವಾದುದು: ಸ್ವಸ್ಥನನ್ನು ಸ್ವಸ್ಥನಾಗಿರಿಸುವುದು, ನಾಲ್ಕು ಪಾದಗಳನ್ನೂ ಗ್ರಾಮದವರೆಗೆ ಮುಟ್ಟಿಸುವುದು, ರೋಗಿಯ ಗುಣಗಳಿಂದ ಆಢ್ಯತೆಯನ್ನು ತೆಗೆದು ಸಮಾಜದ ಕರ್ತವ್ಯಗಳಲ್ಲಿ ಸೇರಿಸುವುದು—ಈ ಮೂರೂ ಕೂಡಿದುದು ಸುಧಾರಣೆ. ಇವುಗಳಲ್ಲಿ ಒಂದನ್ನೂ ಸಾಧಿಸದ ಬದಲಾವಣೆಯು ಕೇವಲ ಬದಲಾವಣೆ.