ಗೆಣಸು ತಿಂದರೆ ದಪ್ಪಗಾಗುತ್ತೇವೆಯೇ?

ಪ್ರಶ್ನೆ: ತೂಕ ಇಳಿಸಲು ಡಯಟ್ ಶುರುಮಾಡಿದ್ದೇನೆ. ಗೆಡ್ಡೆ-ಗೆಣಸು ಮುಟ್ಟಲೇಬಾರದು ಅನ್ನುತ್ತಾರೆ. ಹೌದೇ?
– ಓದುಗರೊಬ್ಬರು, ಹಳಿಯಾಳ

ಉತ್ತರ: ಹಾಗೆಂದವರನ್ನು ಚಳಿಗಾಲದಲ್ಲಿ ಪಕ್ಕದ ಜೊಯಿಡಾಕ್ಕೆ ಕರೆದೊಯ್ಯಿರಿ, ಅಲ್ಲಿ ಗೆಡ್ಡೆ-ಗೆಣಸಿನ ಮೇಳವೇ ನಡೆಯುತ್ತದೆ. ಕುಣಬಿ ಸಮುದಾಯದವರು ಬೆಳೆದು ತರುವ ಮುಡ್ಲಿ ಗೆಡ್ಡೆಯ ಗಾತ್ರ ಕಂಡರೆ ಪೇಟೆಯವರು ಬೆರಗಾಗುತ್ತಾರೆ. ಗದ್ದೆ, ಕಾಡಿನ ದುಡಿಮೆಯ ನಡುವೆ ತಲೆಮಾರುಗಳಿಂದ ಉಂಡ ಆಹಾರವಿದು.

ಲೆಕ್ಕ ನೋಡಿ. 100 ಗ್ರಾಂ ಬಿಳಿ ಅನ್ನದಲ್ಲಿ ಸುಮಾರು 130 ಕ್ಯಾಲೊರಿ, ನಾರು ಅರ್ಧ ಗ್ರಾಮಿಗೂ ಕಡಿಮೆ. ಸಿಪ್ಪೆ ತೆಗೆದು ಬೇಯಿಸಿದ ಅಷ್ಟೇ ಸಿಹಿಗೆಣಸಿನಲ್ಲಿ ಸುಮಾರು 76 ಕ್ಯಾಲೊರಿ, ನಾರು ಎರಡೂವರೆ ಗ್ರಾಂ. ಕೆಸುವಿನ ಗೆಡ್ಡೆಯಲ್ಲಿ ಕ್ಯಾಲೊರಿ ಅನ್ನಕ್ಕಿಂತ ತುಸು ಹೆಚ್ಚೇ, ಆದರೆ ನಾರು ಐದು ಗ್ರಾಮಿನಷ್ಟು. ಹೊಟ್ಟೆ ಬೇಗ ತುಂಬುತ್ತದೆ. ತೊಂದರೆ ಗೆಡ್ಡೆಯದಲ್ಲ, ಅದನ್ನು ಕರಿಯುವ ಬಾಣಲೆಯದು! ಅನ್ನದ ಜೊತೆ ಸೇರಿಸದೆ, ಅನ್ನದ ಬದಲು ತಿನ್ನಿ.

ಎರಡು ವಾರ ಉಪವಾಸವಿದ್ದು ಮೂರನೇ ವಾರ ಮದುವೆಮನೆಯಲ್ಲಿ ಸೇಡು ತೀರಿಸಿಕೊಳ್ಳುವ ಡಯಟ್ಟಿನಲ್ಲಿ ನನಗೆ ನಂಬಿಕೆಯಿಲ್ಲ. ವರ್ಷವಿಡೀ ಉಣ್ಣಬಲ್ಲ ಊಟ ಬೇಕು. ಮಧುಮೇಹವಿದ್ದರೆ ಎಷ್ಟು ತಿನ್ನಬೇಕೆಂದು ವೈದ್ಯರನ್ನು ಕೇಳಿ. ಕೆಸುವಿನ ತುರಿಕೆಗೆ ಕ್ಯಾಲ್ಸಿಯಂ ಆಕ್ಸಲೇಟ್ ಕಾರಣ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿ.