ತಡವಾಗಿ ಓದಿದರೂ ಹೊಸದೇ: ಹಳೆಯ ಕಾದಂಬರಿಗಳ ಸವಿ

ಪ್ರಕಟವಾದ ಕಾಲದಲ್ಲಿ ಓದದೆ ಬಿಟ್ಟ ಕಾದಂಬರಿಯೊಂದು ದಶಕಗಳ ತರುವಾಯ ಕೈಗೆ ಸಿಕ್ಕಾಗ ಓದುಗರಿಗೆ ಸಂತೋಷದೊಡನೆ ಸಂಕೋಚವೂ ಆಗುವುದುಂಟು. ಊರೆಲ್ಲ ಓದಿದ ಪುಸ್ತಕವನ್ನು ತಾವು ಮಾತ್ರ ಓದಿರಲಿಲ್ಲವಲ್ಲ ಎಂಬ ಅಳುಕು ಅದು. ಆದರೆ ಹೀಗೆ ಸಂಕೋಚಪಡಬೇಕಾಗಿಲ್ಲ. ಕೃತಿ ಹೊಸದಾಗಿದ್ದಾಗ ಯಾರಿಗೂ ದೊರೆಯದ ಅರ್ಥಗಳು ಎಷ್ಟೋ ಸಲ ತಡವಾಗಿ ಬಂದವರಿಗೆ ದಕ್ಕುತ್ತವೆ.

ಇದಕ್ಕೆ ತುಮಕೂರು ಸೀಮೆಯಲ್ಲೇ ಒಳ್ಳೆಯ ನಿದರ್ಶನವಿದೆ. ವಾರಾಂತ್ಯದಲ್ಲಿ ದೇವರಾಯನದುರ್ಗಕ್ಕೆ ಬರುವ ನಗರವಾಸಿಗಳು ಭೋಗನರಸಿಂಹ, ಯೋಗನರಸಿಂಹರ ದರ್ಶನ ಮಾಡಿ, ನಾಮದ ಚಿಲುಮೆ ನೋಡಿ ಮರಳುತ್ತಾರೆ. ಅಲ್ಲಿಂದ ಪಶ್ಚಿಮಕ್ಕೆ, ಗುಬ್ಬಿಯನ್ನು ದಾಟಿ ಸಾಗಿದರೆ ತಿಪಟೂರಿನ ತೆಂಗಿನ ನಾಡು. ಅದರಾಚೆ ಹಾಸನ ಜಿಲ್ಲೆಯ ಚನ್ನರಾಯಪಟ್ಟಣ. 1970ರಲ್ಲಿ ಪ್ರಕಟವಾದ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ನಡೆಯುವುದು ಈ ನೆಲದಲ್ಲಿ. ಕಥೆಯ ಕಾಲ 1920ರ ದಶಕದಿಂದ 1940ರ ದಶಕದವರೆಗಿನದು.

ಹೊಣೆಗೇಡಿ ಗಂಡ, ಬಾಯಿಬಡುಕಿ ಅತ್ತೆ, ಬಡತನ ಇವುಗಳ ನಡುವೆ ನಂಜಮ್ಮ ತಾನೇ ಶಾನುಭೋಗಿಕೆಯ ಲೆಕ್ಕ ಬರೆದು, ಊಟದ ಎಲೆ ಹಚ್ಚಿ ಮಾರಿ, ಮಕ್ಕಳನ್ನು ಸಾಕುತ್ತಾಳೆ. ಆ ಸಂಸಾರದ ಮೇಲೆ ಪ್ಲೇಗು ಎರಗುತ್ತದೆ.

1970ರ ಓದುಗರಿಗೆ ಶಾನುಭೋಗರೆಂದರೆ ಕಂಡುಂಡ ವಿಷಯ. ವಂಶಪಾರಂಪರ್ಯವಾಗಿ ಗ್ರಾಮದ ಕಂದಾಯದ ಲೆಕ್ಕ ಇಡುತ್ತಿದ್ದ ಈ ಹುದ್ದೆಯನ್ನು ರದ್ದುಪಡಿಸಿದ ಕಾನೂನು ಬಂದದ್ದು 1961ರಲ್ಲಿ. ಇಂದಿನ ಓದುಗರಿಗೆ ಅದೇ ಲೆಕ್ಕದ ಪುಸ್ತಕಗಳು ಅಪರಿಚಿತ ಲೋಕವೊಂದನ್ನು ತೆರೆದು ತೋರಿಸುತ್ತವೆ. ಹೆಣ್ಣೊಬ್ಬಳು ಮಾಡಿದ ಕೆಲಸ ಗಂಡನ ಹೆಸರಿನಲ್ಲಿ ನಡೆಯುತ್ತಿದ್ದ ಬಗೆಯೂ ಈಗ ಹೆಚ್ಚು ನಿಚ್ಚಳವಾಗಿ ಕಾಣುತ್ತದೆ.

ಎರಡನೆಯದಾಗಿ, ಭೈರಪ್ಪನವರ ಆತ್ಮಕಥೆ ‘ಭಿತ್ತಿ’ ಹೊರಬಂದದ್ದು 1996ರಲ್ಲಿ. ಬಾಲ್ಯದಲ್ಲೇ ಅವರು ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡಿದ್ದರು. ಇದನ್ನು ಬಲ್ಲವರು ಕಾದಂಬರಿಯ ಸಾವುಗಳನ್ನು ಓದುವ ರೀತಿಯೇ ಬೇರೆ.

ಮೂರನೆಯದು ಕೋವಿಡ್. 2020ಕ್ಕೆ ಮೊದಲು ಪ್ಲೇಗಿನ ಅಧ್ಯಾಯಗಳು ಹಿರಿಯರ ಕಾಲದ ಸಂಗತಿಗಳಾಗಿದ್ದವು. ಇಲಿ ಬಿದ್ದೊಡನೆ ಊರು ಬಿಡುವುದು, ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು, ಹೆಣಕ್ಕೆ ಹೆಗಲು ಕೊಡಲೂ ಅಂಜುವುದು, ಇವೆಲ್ಲ ಈಗ ಅಷ್ಟು ದೂರದವಲ್ಲ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ಕ್ಕೂ (1965) ಈ ಮಾತು ಸಲ್ಲುತ್ತದೆ. ಆಗ ಚರ್ಚೆಯೆಲ್ಲ ಪ್ರಾಣೇಶಾಚಾರ್ಯನ ಸಂಕಟದ ಸುತ್ತ ನಡೆಯಿತು. ಅಗ್ರಹಾರದಲ್ಲಿ ಇಲಿಗಳು ಸಾಯುತ್ತಿದ್ದರೂ ಅದನ್ನು ರೋಗವೆಂದು ಗುರುತಿಸಲಾರದ ಜನರತ್ತ ಇಂದಿನ ಓದುಗರ ಕಣ್ಣು ತಾನಾಗಿ ಹೋಗುತ್ತದೆ.

ಇಂಥ ಮರುಹುಟ್ಟು ಹೊರದೇಶಗಳಲ್ಲೂ ನಡೆದಿದೆ. ಅಮೆರಿಕದ ಜಾನ್ ವಿಲಿಯಮ್ಸ್ 1965ರಲ್ಲಿ ಬರೆದ ‘ಸ್ಟೋನರ್’ ಬಹುಕಾಲ ಮರೆಯಲ್ಲಿದ್ದು, ಲೇಖಕರು ತೀರಿಕೊಂಡ ಬಹಳ ವರ್ಷಗಳ ಮೇಲೆ, 2010ರ ದಶಕದಲ್ಲಿ ಯುರೋಪಿನಲ್ಲಿ ಮನೆಮಾತಾಯಿತು. ಕನ್ನಡದಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಶತಮಾನ ದಾಟಿದ ಮೇಲೆ, 2019ರಲ್ಲಿ, ಹೊಸ ಇಂಗ್ಲಿಷ್ ಅನುವಾದ ಕಂಡಿತು.

ಆದರೆ ಈ ಸುಖಕ್ಕೆ ಪುಸ್ತಕ ಕೈಗೆ ಸಿಗಬೇಕು. ಪ್ರಸಿದ್ಧರ ಕೃತಿಗಳು ಮರುಮುದ್ರಣ ಕಾಣುತ್ತವೆ. ಒಂದೇ ಮುದ್ರಣದಲ್ಲಿ ನಿಂತುಹೋದವನ್ನು ಸಾರ್ವಜನಿಕ ಗ್ರಂಥಾಲಯಗಳಲ್ಲಿ, ಹಳೆಯ ಪುಸ್ತಕದ ಅಂಗಡಿಗಳಲ್ಲಿ ಹುಡುಕಬೇಕಾಗುತ್ತದೆ. ಇಲ್ಲಿ ಕಾನೂನು ಕೊಂಚ ನೆರವಾಗುತ್ತದೆ. ಭಾರತದಲ್ಲಿ ಲೇಖಕರು ನಿಧನರಾದ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಹಕ್ಕುಸ್ವಾಮ್ಯವಿರುತ್ತದೆ. ಅನಂತರ ಯಾರು ಬೇಕಾದರೂ ಮುದ್ರಿಸಬಹುದು. 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಕಾದಂಬರಿಗಳು ಹೀಗೆ 2024ರ ಜನವರಿಯಿಂದ ಮುಕ್ತವಾಗಿವೆ. ಬಾಣಂತಿಯ ಮನೋರೋಗವನ್ನೂ, ಗುಣಮುಖಳಾದವಳನ್ನು ಮನೆಯವರು ಸ್ವೀಕರಿಸದ ಕ್ರೌರ್ಯವನ್ನೂ ಚಿತ್ರಿಸಿದ ‘ಶರಪಂಜರ’ವನ್ನು ಚಲನಚಿತ್ರವಾಗಿ ಮಾತ್ರ ಬಲ್ಲವರು ಬಹಳ ಮಂದಿ. ಅವರ ಪಾಲಿಗೆ ಅದು ಹೊಸ ಪುಸ್ತಕವೇ ಸರಿ.

ಪ್ಲೇಗಿಗೆ ಊರು ಬಿಟ್ಟ ದಿನಗಳನ್ನು ಬಾಯಾರೆ ಹೇಳಬಲ್ಲ ಹಿರಿಯರು ಈಗ ವಿರಳ. ಅವರ ಕಾಲದ ನುಡಿಗಟ್ಟು, ಹಸಿವು, ಅಂಜಿಕೆಗಳನ್ನು ತಿಳಿಯಲು ಇಂಥ ಕಾದಂಬರಿಗಳೇ ದಾರಿ. ಅವುಗಳ ಪ್ರತಿಗಳು ಕಪಾಟಿನಲ್ಲಿ ಉಳಿದಿದ್ದರೆ, ಓದುಗರು ಎಷ್ಟೇ ತಡವಾಗಿ ಬಂದರೂ ಚಿಂತೆಯಿಲ್ಲ.