ಹಳೇ ಬೈಕಿನ ರಬ್ಬರ್: ಎಲ್ಲಿ ಟ್ಯೂಬಿನ ತುಂಡು ಸಾಕು, ಎಲ್ಲಿ ಸಾಲದು

ನನಗೆ ಚಳ್ಳಕೆರೆ ಕಡೆ ಐದು ಎಕರೆ ಖುಷ್ಕಿ ಜಮೀನು. ಮಳೆ ಹೊತ್ತಿಗೆ ಸರಿಯಾಗಿ ಬಂದ್ರೆ ಶೇಂಗಾ, ತಡವಾದ್ರೆ ಹುರುಳಿ, ಸಜ್ಜೆ. 2011ರಲ್ಲಿ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಹೀರೋ ಹೋಂಡಾ ಸ್ಪ್ಲೆಂಡರ್ ತಗೊಂಡೆ. 2003ರ ಮಾಡೆಲ್. ಹಾಲಿನ ಕ್ಯಾನು, ಹಿಂಡಿ ಮೂಟೆ, ಔಷಧಿ ಹೊಡೆಯೋ ಸ್ಪ್ರೇಯರು, ಮನೆಯವರು ಎಲ್ಲವನ್ನೂ ಹೊತ್ತು ಇವತ್ತಿಗೂ ಓಡ್ತಾ ಇದೆ.

ಇಷ್ಟು ಹಳೇ ಗಾಡಿಯಲ್ಲಿ ಕಬ್ಬಿಣಕ್ಕಿಂತ ಮೊದಲು ಕೈಕೊಡೋದು ರಬ್ಬರ್. ನಮ್ಮ ಬಿಸಿಲಿಗೆ ಅದು ಒಣಗಿ ಗಟ್ಟಿಯಾಗುತ್ತೆ, ಬಗ್ಗಿಸಿದ ಕಡೆ ಬಿರಿಯುತ್ತೆ. ನಾವೋ ರೈತರು. ಮನೆಯಲ್ಲಿ ಬಿದ್ದಿರೋ ಹಳೇ ಟ್ಯೂಬನ್ನೇ ಕತ್ತರಿಸಿ ಎಲ್ಲ ಕಡೆ ಸುತ್ತಿಬಿಡ್ತೀವಿ. ಕೆಲವು ಕಡೆ ಅದು ಚೆನ್ನಾಗಿ ನಡೆಯುತ್ತೆ. ಕೆಲವು ಕಡೆ ನಡೆಯಲ್ಲ. ಈ ವ್ಯತ್ಯಾಸ ತಿಳಿಯೋಕೆ ನಾನು ಒಂದು ವರ್ಷದ ಬಿತ್ತನೆ ದುಡ್ಡು ಕೊಟ್ಟೆ. ನಿಮಗೆ ಹಾಗಾಗದಿರಲಿ ಅಂತ ಬರೀತಾ ಇದ್ದೀನಿ.

ಉಳಿಸಿದ್ದು ನೂರು, ಹೋಗಿದ್ದು ಸಾವಿರ

ಏರ್ ಫಿಲ್ಟರಿನಿಂದ ಕಾರ್ಬುರೇಟರಿಗೆ ಒಂದು ದಪ್ಪ ರಬ್ಬರ್ ಪೈಪು ಇರುತ್ತೆ. 2017ರಲ್ಲಿ ಅದರ ಕತ್ತಿನ ಹತ್ತಿರ ಬಿರುಕು ಕಂಡಿತು. ಹೊಸದಕ್ಕೆ ಅಂಗಡಿಯಲ್ಲಿ ನೂರು ಚಿಲ್ಲರೆ ಹೇಳಿದ್ರು. ಯಾಕೆ ಸುಮ್ನೆ ಅಂತ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ತಂತಿ ಬಿಗಿದೆ. ಗಾಡಿ ಓಡಿತು, ನಾನೂ ಮರೆತೆ.

ಕಾರ್ಬುರೇಟರಿನಿಂದ ಪೆಟ್ರೋಲಿನ ಆವಿ ಹಿಂದಕ್ಕೆ ಬಂದು ಆ ಪೈಪಿಗೆ ತಾಗುತ್ತೆ. ಟ್ಯೂಬಿನ ರಬ್ಬರಿಗೆ ಪೆಟ್ರೋಲು, ಎಣ್ಣೆ ಆಗಿಬರಲ್ಲ. ಅದು ಊದಿಕೊಂಡು ಸಡಿಲವಾಯ್ತು. ಆ ಸಂದಿನಿಂದ ನಮ್ಮ ಹೊಲದ ದಾರಿಯ ಧೂಳು ಫಿಲ್ಟರಿಗೆ ಸಿಗದೆ ನೇರವಾಗಿ ಇಂಜಿನ್ನಿಗೆ ಹೋಯ್ತು. ಎರಡು ವರ್ಷಕ್ಕೆ ನೀಲಿ ಹೊಗೆ ಶುರು. ಹಾಕಿದ ಆಯಿಲ್ ನಿಲ್ಲದು, ಮೂಟೆ ಹೇರಿದ್ರೆ ಏರು ಹತ್ತದು.

ಮೆಕ್ಯಾನಿಕ್ ಹುಡುಗ ಇಂಜಿನ್ ಬಿಚ್ಚಿ ತೋರಿಸಿದ. "ಯಜಮಾನ್ರೇ, ಇದು ಧೂಳು ತಿಂದೈತೆ. ರಿಂಗೂ ಹೋಗೈತೆ, ಬೋರೂ ಹೋಗೈತೆ" ಅಂದ. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸೋಕೆ 5,400 ರೂಪಾಯಿ ಆಯ್ತು. ಅದು 2019ರ ಜೂನ್ ತಿಂಗಳು. ಬಿತ್ತನೆ ಕಾಯಿಗೆ ಅಂತ ಎತ್ತಿಟ್ಟ ದುಡ್ಡು ಅದು. ಆ ವರ್ಷ ಎರಡು ಎಕರೆಗೆ ಕಾಯಿ ಸಾಲ ತಂದು ಬಿತ್ತಿದೆ. ಮನೆಯವರು ಏನೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಬೇಜಾರಾಯ್ತು.

ಈಗ ನಾನು ಮಾಡೋ ಪರೀಕ್ಷೆ ಸುಲಭ. ಆ ಪೈಪು ಬಿಚ್ಚಿ, ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಒಳಗೆ ಒರೆಸಿ. ಬಟ್ಟೆಗೆ ಮಣ್ಣು ಹತ್ತಿದ್ರೆ ಎಲ್ಲೋ ಧೂಳು ನುಗ್ತಾ ಇದೆ ಅಂತ ಅರ್ಥ. ಬಿತ್ತನೆಗೆ ಮುಂಚೆ ಒಂದ್ಸಲ, ಒಕ್ಕಣೆ ಆದಮೇಲೆ ಒಂದ್ಸಲ ನೋಡಿದ್ರೆ ಸಾಕು.

ಮನೆಯ ಸಾಮಾನೇ ಸಾಕಾಗೋ ಕಡೆ

ಪೆಟ್ರೋಲು, ಆಯಿಲ್ ತಾಗದ ಕಡೆ ಧೈರ್ಯವಾಗಿ ಹಳೇ ಸಾಮಾನು ಬಳಸಿ.

ಪೆಟ್ರೋಲ್ ಟ್ಯಾಂಕಿನ ಕೆಳಗೆ ಮುಂದುಗಡೆ ಎರಡು ರಬ್ಬರ್ ಇರ್ತವೆ. ಅವು ಸವೆದ್ರೆ ಟ್ಯಾಂಕು ಚಾಸಿಗೆ ಬಡಿದು, ಕೊನೆಗೆ ಉಜ್ಜಿದ ಕಡೆ ತೂತು ಬೀಳುತ್ತೆ. ನಾನು ಟ್ರ್ಯಾಕ್ಟರ್ ಟ್ಯೂಬಿನ ತುಂಡನ್ನ ಎರಡು ಸುತ್ತು ಸುತ್ತಿ ಕಟ್ಟಿದ್ದೀನಿ. ಐದು ವರ್ಷ ಆಯ್ತು.

ಪಕ್ಕದ ಡೂಮು ಗಡಗಡ ಅಂದ್ರೆ ಹಳೇ ಹವಾಯಿ ಚಪ್ಪಲಿಯಿಂದ ವಾಷರ್ ಕತ್ತರಿಸಿ ಹಾಕಿ. ಗೇರ್ ಲಿವರಿಗೆ ಸ್ಪ್ರೇಯರಿನ ಹಳೇ ಪೈಪಿನ ತುಂಡು ಸರಿಹೋಗುತ್ತೆ. ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟು ಮೆತ್ತಗಾದ ಮೇಲೆ ತಳ್ಳಿ.

ಫುಟ್ ರೆಸ್ಟ್, ಕಿಕ್ಕರ್ ರಬ್ಬರ್ ಮಾತ್ರ ನುಣುಪಾದ ಕೂಡಲೇ ಹೊಸದು ಹಾಕಿ. ಮಳೆಯಲ್ಲಿ ಕೆಸರುಗಾಲು ಜಾರಿದ್ರೆ ಕಿಕ್ಕರ್ ಹಿಂದಕ್ಕೆ ಬಂದು ಮೊಣಕಾಲಿನ ಕೆಳಗಿನ ಮೂಳೆಗೆ ಬಡಿಯುತ್ತೆ. ಇವಕ್ಕೆಲ್ಲ ದೊಡ್ಡ ದುಡ್ಡೇನೂ ಆಗಲ್ಲ.

ಹ್ಯಾಂಡಲ್ ಗ್ರಿಪ್ ಆಗಲಿ, ಫುಟ್ ರೆಸ್ಟ್ ರಬ್ಬರ್ ಆಗಲಿ, ಏರಿಸುವಾಗ ಗ್ರೀಸು, ಎಣ್ಣೆ ಹಚ್ಚಬೇಡಿ. ಆಮೇಲೆ ತಿರುಗ್ತಾನೇ ಇರುತ್ತೆ. ಸೋಪಿನ ನೀರು ಹಚ್ಚಿ ಏರಿಸಿ. ನೀರು ಆರಿದ ಮೇಲೆ ಗಟ್ಟಿ ಹಿಡ್ಕೊಳ್ಳುತ್ತೆ.

ಹಬ್ ರಬ್ಬರ್: ಸ್ವಲ್ಪ ದಿನ ತಳ್ಳಬಹುದು

ಗೇರ್ ಹಾಕಿ ಕ್ಲಚ್ ಬಿಟ್ಟಾಗ ಹಿಂದೆ "ಟಕ್" ಅಂತ ಜಗ್ಗಿದ್ರೆ ಹಿಂದಿನ ಹಬ್ಬಿನ ರಬ್ಬರ್ ಸವೆದಿರಬಹುದು. ಇಂಜಿನ್ನಿನ ಎಳೆತ ಚಕ್ರಕ್ಕೆ ಒಂದೇ ಸಲ ಹೊಡೆಯದಂತೆ ತಡೆಯೋದು ಇವೇ. ಇವು ಸವೆದ್ರೆ ಆ ಹೊಡೆತವನ್ನ ಚೈನು, ಸ್ಪ್ರಾಕೆಟ್ ತಿನ್ನುತ್ತೆ. ನನ್ನ ಗಾಡಿಯಲ್ಲಿ ನಾಲ್ಕಿವೆ. ಚೈನು ಬಿಚ್ಚೋದೂ ಬೇಕಿಲ್ಲ. ಆಕ್ಸಲ್ ಎಳೆದ್ರೆ ಸ್ಪ್ರಾಕೆಟ್ ಆ ಕಡೆಯೇ ಉಳಿದು ಚಕ್ರ ಮಾತ್ರ ಕೈಗೆ ಬರುತ್ತೆ.

ಕೈಯಲ್ಲಿ ದುಡ್ಡಿಲ್ಲದಾಗ ಸವೆದ ರಬ್ಬರಿನ ಪಕ್ಕ ಟ್ಯೂಬಿನ ಪಟ್ಟಿ ಸಿಕ್ಕಿಸಿ ನಾಲ್ಕು ತಿಂಗಳು ಓಡಿಸಿದ್ದೀನಿ. ತೀರಾ ಬಿಗಿಯಾಗಿ ತುಂಬಿದ್ರೆ ರಬ್ಬರ್ ಅದುಮಿಕೊಳ್ಳೋಕೆ ಜಾಗ ಇರಲ್ಲ, ಹಾಕಿದ್ದೇ ದಂಡ. ಕಾಯಿ ಮಾರಿದ ಮೇಲೆ 140 ರೂಪಾಯಿಗೆ ಹೊಸ ಸೆಟ್ ತಂದು ನಾನೇ ಹಾಕಿದೆ. ಹಾಕೋವಾಗ ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ.

ಒಂದು ಎಚ್ಚರಿಕೆ. ಚಕ್ರ ವಾಪಸ್ ಕೂರಿಸುವಾಗ ಬ್ರೇಕ್ ಪ್ಲೇಟನ್ನು ಹಿಡಿದಿರೋ ಪಟ್ಟಿಯ ಬೋಲ್ಟ್ ಮರೀಬೇಡಿ. ಅದಿಲ್ಲದಿದ್ರೆ ಬ್ರೇಕ್ ಒತ್ತಿದಾಗ ಪ್ಲೇಟೇ ತಿರುಗಿ ಚಕ್ರ ಕಚ್ಚಿಕೊಳ್ಳುತ್ತೆ.

ಕೈಚಳಕ ಬೇಡವಾದ ಕಡೆ

ಮೊದಲನೇದು ಪೆಟ್ರೋಲ್ ಪೈಪು. ಗಾರೆಯವರ ಲೆವೆಲ್ ಪೈಪಿನ ತುಂಡು ಹಾಕಿರೋ ಗಾಡಿಗಳನ್ನ ನೋಡಿದ್ದೀನಿ. ಆ ಪ್ಲಾಸ್ಟಿಕ್ಕು ಪೆಟ್ರೋಲಿಗೆ ಕಡ್ಡಿ ಹಾಗೆ ಗಟ್ಟಿಯಾಗಿ ತುದಿ ಬಿಟ್ಟುಕೊಳ್ಳುತ್ತೆ. ಕೆಳಗೆ ಕಾದ ಇಂಜಿನ್ನು. ಯೋಚನೆ ಮಾಡಿ. ಡ್ರಿಪ್ಪಿನ ಸಣ್ಣ ಪೈಪೂ ಬೇಡ.

ಈಗ ಇನ್ನೊಂದು ಕಾರಣವೂ ಸೇರಿದೆ. 2023ರ ಫೆಬ್ರವರಿಯಲ್ಲಿ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲು ಮಾರಾಟಕ್ಕೆ ಬಂತು. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗೋದು ಅದೇ. ಕಬ್ಬು, ಮೆಕ್ಕೆಜೋಳ ಬೆಳೆಯೋ ನಮ್ಮಂಥವರಿಗೆ ಅದರಿಂದ ಅನುಕೂಲ ಇದೆ ಅನ್ನಿ. ಆದರೆ ಹಳೇ ಗಾಡಿಯ ರಬ್ಬರನ್ನ ಅದಕ್ಕೆ ಅಂತ ಮಾಡಿಲ್ಲ. ಪೈಪು, ಕಾಕಿನ ವಾಷರ್, ಕಾರ್ಬುರೇಟರಿನ ಓ ರಿಂಗು ಬೇಗ ಊದಬಹುದು, ಇಲ್ಲ ಬಿರಿಯಬಹುದು. ತಗೊಳ್ಳುವಾಗ "ಎಥನಾಲ್ ಪೆಟ್ರೋಲಿಗೆ ಆಗೋ ಪೈಪು ಕೊಡಿ" ಅಂತ ಬಾಯಿಬಿಟ್ಟು ಕೇಳಿ. ಒಂದು ಅಡಿ ಸಾಕು. ಎರಡು ಕಡೆಯೂ ಕ್ಲಿಪ್ ಹಾಕಿ. ವರ್ಷಕ್ಕೊಮ್ಮೆ ಬಗ್ಗಿಸಿ ನೋಡಿ, ಬಿರುಕು ಕಂಡ್ರೆ ಎಸೆಯಿರಿ.

ಎರಡನೇದು ಮುಂದಿನ ಫೋರ್ಕಿನ ಆಯಿಲ್ ಸೀಲ್. ಫೋರ್ಕ್ ಪೈಪಿನ ಮೇಲೆ ಎಣ್ಣೆ ಇಳಿದು ಧೂಳು ಮೆತ್ತಿದ್ರೆ ಸೀಲ್ ಹೋಗಿದೆ ಅಂತ ತಿಳೀರಿ. ಸೀಲಿನ ಮುಖದ ಮೇಲೆ ಮೂರು ಅಂಕಿ ಇರ್ತವೆ. ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ, ಮೂರೂ ಮಿಲಿಮೀಟರಿನಲ್ಲಿ. ಹಳೇ ಸೀಲನ್ನೇ ಹಿಡ್ಕೊಂಡು ಬೇರಿಂಗ್ ಅಂಗಡಿಗೆ ಹೋಗಿ. ಫೋರ್ಕಿನ ಸೀಲು ಅಂತ ಹೇಳಿ ಅದೇ ಅಳತೆಯದ್ದು ಕೇಳಿ. ನನಗೆ ಅಲ್ಲೇ ಕಮ್ಮಿಗೆ ಸಿಕ್ಕಿತು. ಹಾಕೋದನ್ನ ಮಾತ್ರ ಮೆಕ್ಯಾನಿಕ್ಕಿಗೆ ಬಿಡಿ. ಪೈಪಿನ ಮೇಲೆ ತುಕ್ಕಿನ ಗುಳಿ ಇದ್ರೆ ಹೊಸ ಸೀಲೂ ಬೇಗ ಕೊಯ್ದುಹೋಗುತ್ತೆ. ಮೊದಲು ಪೈಪು ತೋರಿಸಿ. ಸೀಲಿನ ಮೇಲಿನ ಡಸ್ಟ್ ಕವರ್ ಹರಿದಾಗಲೇ ಬದಲಾಯಿಸಿದ್ರೆ ಸೀಲಿಗೆ ಆಯಸ್ಸು ಹೆಚ್ಚು.

ಮೂರನೇದು ಏರ್ ಫಿಲ್ಟರ್ ಪೈಪು. ಅದರ ಕಥೆ ಹೇಳಿದೆನಲ್ಲ.

ರಬ್ಬರ್ ಬಾಳಿಕೆ ಬರೋಕೆ

ಗಾಡಿ ತೊಳೆದ ಮೇಲೆ ಹೊಳಪಿಗೆ ಅಂತ ಡೀಸೆಲ್, ಸೀಮೆಎಣ್ಣೆ ಹಚ್ಚೋ ಅಭ್ಯಾಸ ನನಗೂ ಇತ್ತು. ಒಂದು ದಿನ ಕಪ್ಪಗೆ ಹೊಳೆಯುತ್ತೆ, ಆಮೇಲೆ ರಬ್ಬರ್ ಊದಿ ಮೆತ್ತಗಾಗುತ್ತೆ. ಸೋಪಿನ ನೀರೇ ಸಾಕು. ಹೊಲದಲ್ಲಿ ಹುಣಸೆ ಮರದ ನೆರಳಿಗೆ ನಿಲ್ಲಿಸಿ. ನೆರಳಿಲ್ಲದಿದ್ರೆ ಒಂದು ಗೋಣಿಚೀಲ ಹೊದಿಸಿ.

ಬೋರ್ ಮಾಡಿಸಿದ ಮೇಲೆ ಇಷ್ಟು ವರ್ಷದಲ್ಲಿ ಎಲ್ಲಾ ರಬ್ಬರ್ ಸಾಮಾನಿಗೆ ನಾನು ಹಾಕಿದ್ದು ಒಂಬೈನೂರು ರೂಪಾಯಿ ಒಳಗೆ. ಇಂಜಿನ್ ಮತ್ತೆ ಬಿಚ್ಚಿಲ್ಲ. ಈಗ ಏನಾದ್ರೂ ಕತ್ತರಿಸಿ ಸುತ್ತೋಕೆ ಮುಂಚೆ ಒಂದೇ ಪ್ರಶ್ನೆ ಕೇಳ್ಕೋತೀನಿ: ಇಲ್ಲಿಗೆ ಪೆಟ್ರೋಲು, ಆಯಿಲು, ಧೂಳು ಬರುತ್ತಾ? ಬರುತ್ತೆ ಅಂದ್ರೆ ಟ್ಯೂಬು ಕೆಳಗಿಟ್ಟು ಅಂಗಡಿಗೆ ಹೋಗ್ತೀನಿ.

ಹಳೇ ಗಾಡಿ ಇಟ್ಟುಕೊಂಡವರು ನಮ್ಮಲ್ಲಿ ಬಹಳ ಜನ ಇದ್ದೀರಿ. ನೀವು ಕಂಡುಕೊಂಡ ಅಗ್ಗದ ಉಪಾಯ ಇದ್ರೆ ಪತ್ರಿಕೆಗೆ ಬರೆಯಿರಿ. ಕೆಟ್ಟು ಕಲಿತದ್ದಿದ್ರೆ ಅದನ್ನ ಮೊದಲು ಬರೆಯಿರಿ.